ತಟ್ಟೆ ಹಿಡಿದ ಯಜಮಾನರು

ಹೋಟೆಲುಗಳಲ್ಲಿ ದುಡಿಯುವ ಜನರಲ್ಲಿ ಎರಡು ಬಗೆಯುಂಟು. ಗಲ್ಲದ ಮುಂದೆ ಕುಳಿತವರದು ಒಂದು ಬಗೆ. ತಟ್ಟೆ ಹಿಡಿದು ನಿಂತವರದು ಇನ್ನೊಂದು. ಇವರಿಬ್ಬರ ನಡುವಣ ದೂರ ಹತ್ತು ಹೆಜ್ಜೆಗಳಿಗಿಂತ ಹೆಚ್ಚಿನದಲ್ಲ. ಆದರೆ ಆ ಹತ್ತು ಹೆಜ್ಜೆಗಳನ್ನು ನಡೆಯಲು ಎಷ್ಟೋ ಮಂದಿಗೆ ಒಂದು ಜನ್ಮವೂ ಸಾಲುವುದಿಲ್ಲ. ಲೋಟ ತೊಳೆಯಲೆಂದು ಊರು ಬಿಟ್ಟು ಬಂದ ಹುಡುಗ ಮುಂದೆ ತಾನೇ ಹೋಟೆಲಿನ ಒಡೆಯನಾದ ಕಥೆಗಳನ್ನು ವಾಚಕರು ಕೇಳಿಯೇ ಇದ್ದಾರೆ. ಹಾಗೆ ಒಬ್ಬನು ಆ ದೂರವನ್ನು ದಾಟಿದಾಗ ಉಳಿದವರು ಮಾತ್ರ ನಿಂತಲ್ಲಿಯೇ ನಿಂತಿರುತ್ತಾರೆ. ಎಲ್ಲರೂ ಕೈ ಕೈ ಹಿಡಿದು ದಾಟಿದ ಕಥೆ ಅಪರೂಪವಾದುದು. ಬೆಂಗಳೂರಿನ ಕಾಫಿ ಹೌಸಿನದು ಅಂಥ ಕಥೆ.

ಅದರ ಬೇರನ್ನು ಹುಡುಕಬೇಕಾದರೆ 1930ರ ದಶಕಕ್ಕೆ ಹೋಗಬೇಕು. ಜಗತ್ತನ್ನೇ ಆವರಿಸಿದ ಆರ್ಥಿಕ ಮುಗ್ಗಟ್ಟಿನಲ್ಲಿ ಕಾಫಿಯ ಬೆಲೆ ನೆಲ ಕಚ್ಚಿತು. ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರು ಕಂಗೆಟ್ಟರು. ಹೊರದೇಶಗಳನ್ನು ನಂಬಿ ಕುಳಿತರೆ ಸಾಲದು, ನಮ್ಮ ದೇಶದವರಿಗೇ ಕಾಫಿಯ ರುಚಿ ಹತ್ತಿಸಬೇಕೆಂಬ ಯೋಚನೆ ಹುಟ್ಟಿದ್ದು ಆಗ. ಕಾಫಿ ಸೆಸ್ ಸಮಿತಿಯು 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲನೆಯ ಇಂಡಿಯಾ ಕಾಫಿ ಹೌಸನ್ನು ತೆರೆಯಿತು. ಮುಂದೆ ಕಾಫಿ ಮಂಡಲಿಯ ಆಶ್ರಯದಲ್ಲಿ ಇಂಥ ಅಂಗಡಿಗಳು ನಾಡಿನ ನಾನಾ ನಗರಗಳಲ್ಲಿ ತಲೆಯೆತ್ತಿದವು. ಶುಭ್ರವಾದ ಬಿಳಿಯ ಉಡುಪು, ನಡುವಿಗೆ ಪಟ್ಟಿ, ತಲೆಯ ಮೇಲೆ ಬೀಸಣಿಗೆಯಂತೆ ಅರಳಿದ ರುಮಾಲು ಧರಿಸಿದ ಪರಿಚಾರಕರು ಅವುಗಳ ಗುರುತಾದರು.

1950ರ ದಶಕದ ನಡುವಿನಲ್ಲಿ ಮಂಡಲಿಯ ನೀತಿ ಬದಲಾಯಿತು. ಕಾಫಿ ಹೌಸುಗಳನ್ನು ಮುಚ್ಚಬೇಕೆಂಬ ತೀರ್ಮಾನವಾಯಿತು. ನಾಲ್ಕು ಜನ ಕುಡಿಯಲು ಕಲಿತ ಮೇಲೆ ಕಲಿಸಿದವನ ಕೆಲಸ ಮುಗಿದಂತೆಯೇ ಅಲ್ಲವೆ! ಆದರೆ ನೌಕರನ ಮನೆಯ ಒಲೆ ನೀತಿಯ ಮಾತನ್ನು ಕೇಳುವುದಿಲ್ಲ. ತಿಂಗಳ ಮೊದಲ ವಾರದಲ್ಲಿ ಅಕ್ಕಿಯ ಚೀಲ ಮನೆಗೆ ಬರಲೇಬೇಕು. ಮಕ್ಕಳ ಶಾಲೆಯ ಸಂಬಳ ಕಟ್ಟಲೇಬೇಕು.

ಆ ಸಂಕಟದ ಕಾಲದಲ್ಲಿ, ಲೋಕಸಭೆಯ ಸದಸ್ಯರಾಗಿದ್ದ ಕಮ್ಯೂನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರು ನೌಕರರ ಮುಂದೆ ಒಂದು ಸಲಹೆಯಿಟ್ಟರು: ಅಂಗಡಿಗಳನ್ನು ನೀವೇ ಏಕೆ ನಡೆಸಬಾರದು? ಕೇಳಲು ಸುಲಭವಾದ ಮಾತು. ಅಷ್ಟು ಕಾಲವೂ ಅವರ ಕೈಗೆ ಬಂದುದು ಗಿರಾಕಿ ಕೊಟ್ಟ ಹಣವೇ ಹೊರತು ಬಂಡವಾಳವಲ್ಲ. ಆದರೂ 1957ರ ಆಗಸ್ಟ್ 19ರಂದು ಕಾಫಿ ನೌಕರರ ಮೊದಲ ಸಹಕಾರ ಸಂಘ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು. ಅದೇ ವರ್ಷದ ಅಕ್ಟೋಬರ್ 27ರಂದು ದೆಹಲಿಯಲ್ಲಿ, ಮರುವರ್ಷದ ಮಾರ್ಚ್ 8ರಂದು ತ್ರಿಶೂರಿನಲ್ಲಿ ನೌಕರರದೇ ಆದ ಕಾಫಿ ಹೌಸುಗಳು ಬಾಗಿಲು ತೆರೆದವು.

ಸಹಕಾರದ ಸೂತ್ರ ಸರಳವಾದುದು. ಸದಸ್ಯನು ಹಾಕಿದ ಪಾಲು ಎಷ್ಟೇ ಇರಲಿ, ಅವನಿಗೆ ಇರುವುದು ಒಂದೇ ಮತ. ಆದರೆ ಇದರಲ್ಲಿ ಸುಖದೊಡನೆ ಒಂದು ಕಷ್ಟವೂ ಬೆರೆತಿದೆ. ಬೇರೊಬ್ಬರ ಅಂಗಡಿಯಲ್ಲಿ ದುಡಿಯುವಾಗ ವ್ಯಾಪಾರ ಕುಗ್ಗಿದರೆ ಯಜಮಾನರನ್ನು ಬೈದು ಹಗುರಾಗಬಹುದು. ತಾನೇ ಯಜಮಾನನಾದವನು ಯಾರನ್ನು ಬೈಯಬೇಕು? ಒಡೆದ ಬಟ್ಟಲು ಅವನದು. ಚೆಲ್ಲಿದ ಹಾಲೂ ಅವನದೇ.

ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯ ಕಾಫಿ ಹೌಸು ಈ ಭಾರವನ್ನು 1959ರಿಂದ ಐವತ್ತು ವರ್ಷಗಳ ಕಾಲ ಹೊತ್ತಿತು. ಕಟ್ಲೆಟ್, ದೋಸೆ, ಮೊಟ್ಟೆಯ ತಿಂಡಿಗಳು, ಒಂದು ಬಟ್ಟಲು ಬಿಸಿ ಕಾಫಿ: ಇಷ್ಟರ ಆಧಾರದ ಮೇಲೆ ಪತ್ರಕರ್ತರು, ವಿದ್ಯಾರ್ಥಿಗಳು, ನಿವೃತ್ತರು ಗಂಟೆಗಟ್ಟಲೆ ಕುಳಿತು ಪ್ರಪಂಚವನ್ನು ತಿದ್ದಿದರು. ಬಟ್ಟಲು ಬರಿದಾದ ಮೇಲೂ ಏಳದವರನ್ನು ಎಬ್ಬಿಸುವ ಗೋಜಿಗೆ ಯಾರೂ ಹೋಗಲಿಲ್ಲ. ನೆಲದ ಬೆಲೆ ಮುಗಿಲಿಗೇರಿದ ಬೀದಿಯಲ್ಲಿ ಇದು ಸಣ್ಣ ಔದಾರ್ಯವಲ್ಲ. 2009ರಲ್ಲಿ ಆ ಕಟ್ಟಡವನ್ನು ಬಿಡಬೇಕಾಗಿ ಬಂದಿತು. ಹಳೆಯ ಗಿರಾಕಿಗಳು ಮನೆಯವರನ್ನೇ ಕಳುಹಿಸಿಕೊಡುವವರಂತೆ ಮರುಗಿದರು. ಕಾಫಿ ಹೌಸು ಅಲ್ಲಿಗೆ ಹತ್ತಿರದ ಚರ್ಚ್ ಸ್ಟ್ರೀಟಿಗೆ ತನ್ನ ಬಿಡಾರವನ್ನು ಬದಲಾಯಿಸಿತು.

ಒಡೆತನ ಬಂದ ಮೇಲೂ ಈ ಯಜಮಾನರು ರುಮಾಲನ್ನು ಕೆಳಗಿಡಲಿಲ್ಲ; ತಟ್ಟೆಯನ್ನು ಬೇರೊಬ್ಬನ ಕೈಗೆ ದಾಟಿಸಿ ಗಲ್ಲದ ಹಿಂದೆ ಅವಿತುಕೊಳ್ಳಲಿಲ್ಲ. ಕಾಫಿ ಆರಿದೆಯೆಂದು ಮುನಿದ ಗಿರಾಕಿಯು "ಯಜಮಾನರನ್ನು ಕರೆ" ಎಂದು ಗದರಿಸುವುದು ಎಲ್ಲ ಹೋಟೆಲುಗಳಲ್ಲಿಯೂ ಇದ್ದದ್ದೇ. ಇಲ್ಲಿ ಮಾತ್ರ ಕರೆಯುವ ಶ್ರಮವಿಲ್ಲ. ಯಜಮಾನರು ಆಗಲೇ ಎದುರಿಗೆ ನಿಂತಿರುತ್ತಾರೆ. ಆರಿದ ಬಟ್ಟಲನ್ನು ಎತ್ತಿಕೊಂಡು ಬಿಸಿ ಕಾಫಿ ತರಲು ಒಳಗೆ ಹೋಗುತ್ತಾರೆ.