ಯಗಟಿಯ ಮಸಾಲೆ, ಹೊರನಾಡಿನ ಜಿಂಕೆ

ಕಡೂರು ತಾಲ್ಲೂಕಿನ ಯಗಟಿಯ ಮನೆಯೊಂದಕ್ಕೆ ಒಂದು ಬೆಳಿಗ್ಗೆ ನ್ಯೂಜಿಲೆಂಡಿನಿಂದ ಫೋನು ಬಂದಿತು. ಕುಶಲಪ್ರಶ್ನೆ ಮುಗಿಯುವ ಮೊದಲೇ ಮೊಮ್ಮಗಳು ಕೇಳಿದಳು: “ಅಜ್ಜಿ, ಇಲ್ಲಿ ಅಂಗಡೀಲಿ ಜಿಂಕೆ ಬಾಡು ಸಿಗುತ್ತೆ. ಒಂದು ಕೇಜಿ ತಂದಿದೀನಿ. ಹೆಂಗೆ ಮಾಡೋದು ಹೇಳು.”

ಎಂಬತ್ತು ದಾಟಿದ ಅಜ್ಜಿ ಮೊದಲು ಬಾಗಿಲ ಕಡೆ ನೋಡಿದರು. “ಮೆಲ್ಲಗೆ ಮಾತಾಡೇ! ಫಾರೆಸ್ಟಿನೋರು ಹಿಡಿಯಲ್ವಾ?”

ಆ ಹೆದರಿಕೆ ನಿಷ್ಕಾರಣವಾದುದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿಯೇ ಕೃಷ್ಣಮೃಗದ ಹೆಸರಿದೆ. ಅದನ್ನು ಕೊಂದವರಿಗೆ 3ರಿಂದ 7 ವರ್ಷಗಳ ಸೆರೆಮನೆ. ಅಮೃತಮಹಲ್ ದನಗಳಿಗಾಗಿ ಮೀಸಲಾಗಿದ್ದ ಈ ಸೀಮೆಯ ಹುಲ್ಲುಗಾವಲುಗಳೇ ಕೃಷ್ಣಮೃಗಗಳಿಗೂ ಆಸರೆ. ಅಂಥದೊಂದು, ಕಡೂರು ತಾಲ್ಲೂಕಿನ ಬಾಸೂರು ಕಾವಲು, 2011ರಲ್ಲಿ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶವಾಯಿತು. ಪ್ರಾಣಿಶಾಸ್ತ್ರಜ್ಞರು ಕೃಷ್ಣಮೃಗವನ್ನು ಜಿಂಕೆಯೆಂದು ಒಪ್ಪುವುದಿಲ್ಲ. ಹಳ್ಳಿಯ ಅಡಿಗೆಮನೆಗೆ ಆ ಭೇದ ಎಂದೂ ಬೇಕಾಗಿರಲಿಲ್ಲ.

ನ್ಯೂಜಿಲೆಂಡಿನ ಕಥೆಯೇ ಬೇರೆ. ಅಲ್ಲಿ ಜಿಂಕೆಯೆಂಬ ಪ್ರಾಣಿಯೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಬೇಟೆಯ ಷೋಕಿಗೆ ತಂದು ಬಿಟ್ಟರು. ಹಿಡಿದು ತಿನ್ನಲು ಹುಲಿಯಿಲ್ಲ, ಚಿರತೆಯಿಲ್ಲ. ಅವು ಹೆಚ್ಚಿ ಕಾಡನ್ನೇ ಮೇಯತೊಡಗಿದವು. 1930ರ ದಶಕದಲ್ಲಿ ಸರ್ಕಾರವೇ ಸಂಬಳ ಕೊಟ್ಟು ಬೇಟೆಗಾರರನ್ನಿಟ್ಟು ಕೊಲ್ಲಿಸಿತು. 1970ರ ದಶಕದಿಂದೀಚೆಗೆ ಕುರಿಯಂತೆ ಬೇಲಿಯೊಳಗೆ ಸಾಕುತ್ತಾರೆ. ಅಂಗಡಿಗೆ ಬರುವುದು ಹೆಚ್ಚಾಗಿ ಆ ಮಾಂಸ.

ಇಷ್ಟನ್ನು ಕೇಳಿದ ಮೇಲೂ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ, ರಾತ್ರಿ ಹೊತ್ತು ಹಿತ್ತಿಲ ಬಾಗಿಲಿಗೆ ಗೋಣಿಚೀಲ ಬಂದಾಗಲೆಲ್ಲ ಅತ್ತೆಯ ಜೊತೆ ನಿಂತು ಕಲಿತ ಅಡಿಗೆ ಅದು. ಐವತ್ತು ವರ್ಷಗಳಿಂದ ಒಬ್ಬ ಸೊಸೆಗೂ ಹೇಳಿರಲಿಲ್ಲ. ಹೇಳಿದರೆ ಮಾಡುವ ಆಸೆ ಹುಟ್ಟೀತು. ತನ್ನೊಂದಿಗೇ ಹೋಗಲಿ ಎಂದುಕೊಂಡಿದ್ದರು.

“ಗಂಡೋ ಹೆಣ್ಣೋ?” ಎಂದರು ಕೊನೆಗೆ. ಕೋಡಿಲ್ಲದ ಜಿಂಕೆ ಬಂದರೆ ಅವರ ಅತ್ತೆ ಒಲೆ ಹಚ್ಚುತ್ತಿರಲಿಲ್ಲ. ಚೀಲ ಹಾಗೆಯೇ ಹಿಂದಕ್ಕೆ. ಪೊಟ್ಟಣದ ಮೇಲೆ ಅದನ್ನು ಬರೆದಿರಲಿಲ್ಲ. ತೊಡೆಯ ಭಾಗವೆಂದಷ್ಟೇ ಇತ್ತು.

“ತೊಡೆಯಾದ್ರೆ ನಿಧಾನ ಬೇಯಬೇಕು. ಬೆನ್ನಿನ ಮೆತ್ತನೇದಾಗಿದ್ರೆ ಬಾಣಲೇಲಿ ನಾಕು ನಿಮಿಷ ಸಾಕಿತ್ತು. ಹೆಚ್ಚಾದ್ರೆ ಚಪ್ಪಲಿ ಅಟ್ಟೆ.”

ಜಿಂಕೆಯ ಮಾಂಸದಲ್ಲಿ ಕೊಬ್ಬಿಲ್ಲ. ಕಷ್ಟವೆಲ್ಲ ಇರುವುದು ಅಲ್ಲಿಯೇ. ಕುರಿಯ ಮಾಂಸ ತನ್ನ ಕೊಬ್ಬಿನಲ್ಲಿ ತಾನೇ ಬೇಯುತ್ತದೆ. ಇದು ಒಣಗಿ ನಾರಾಗುತ್ತದೆ. ಆದ್ದರಿಂದ ಮೇಲಿನ ಬೆಳ್ಳಗಿನ ಪೊರೆಯನ್ನು ಚಾಕುವಿನಿಂದ ಬಿಡಿಸಿ, ಮೊಸರು, ಉಪ್ಪು, ಅರಿಶಿನ ಹಚ್ಚಿ ಎರಡು ಗಂಟೆಯಾದರೂ ಇಡಬೇಕು. ಒಂದು ಹಿಡಿ ಕುರಿಯ ಕೊಬ್ಬನ್ನು ಪಾತ್ರೆಯಲ್ಲಿ ಕರಗಿಸಿ, ಅದರಲ್ಲಿ ಈರುಳ್ಳಿ ಕೆಂಪಗಾದ ಮೇಲೆ ಮಾಂಸ ಹಾಕಿ ಬಾಡಿಸಬೇಕು. ನೀರು ಬಿಸಿಯದೇ ಆಗಬೇಕು, ಉರಿ ಸಣ್ಣದಿರಬೇಕು, ಮುಚ್ಚಳ ಮುಚ್ಚಿರಬೇಕು. ಎರಡು ಗಂಟೆಗೆ ಮೊದಲು ಆಸೆಪಡಬಾರದು.

ಮಸಾಲೆಗೆ ನಾಲ್ಕು ಚಮಚ ಕೊತ್ತಂಬರಿ ಬೀಜ, ಎಂಟು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಕಾಳುಮೆಣಸು, ಚಕ್ಕೆ, ಲವಂಗ, ಗಸಗಸೆ, ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಶುಂಠಿ, ಬೆಳ್ಳುಳ್ಳಿ ಹಸಿಯಾಗಿಯೇ. ಕೊನೆಗೆ ಅರ್ಧ ಗಿಟುಕು ಕೊಬ್ಬರಿ. ಹಸಿ ತೆಂಗಿನಕಾಯಿ ಕೂಡದು. ತೆಂಗಿನ ಸೀಮೆಯ ಹೆಂಗಸು ಇದೊಂದರಲ್ಲಿ ರಾಜಿಯಾಗುವವಳಲ್ಲ.

“ನೀನು ನಮಗೆ ಇದೇ ಮಸಾಲೇಲಿ ಕುರಿ ಬಾಡು ಮಾಡ್ತಿದ್ದೆ, ಅಲ್ವಾ?” ಎಂದಳು ಮೊಮ್ಮಗಳು.

ಅಜ್ಜಿ ಉತ್ತರ ಕೊಡಲಿಲ್ಲ. ಮನೆಯವರಾರೂ ಗುರುತಿಸಿಲ್ಲವೆಂದೇ ಅವರು ತಿಳಿದಿದ್ದರು.

ಮರುದಿನ ಮೊಬೈಲಿಗೆ ಚಿತ್ರ ಬಂದಿತು: ಬಿಳಿಯ ಬಟ್ಟಲಿನಲ್ಲಿ ಸಾರು, ಪಕ್ಕದಲ್ಲಿ ಅನ್ನ. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಕೊಬ್ಬರಿ ಕಮ್ಮಿ ಹಾಕಿದಾಳೆ,” ಎಂದರು. “ಮುದ್ದೆನಾದ್ರೂ ಮಾಡಬಾರದಿತ್ತಾ?”