ಎಂಟು ಅಡಿಗೆ ಸಿಕ್ಕ ಗರಸು

ಎರೆ ಭೂಮಿಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ನಮ್ಮ ನೆಲ ಬಾಯಿ ಬಿಡುತ್ತದೆ, ಮೊಣಕೈವರೆಗೆ ಕೈ ಇಳಿಯುವಷ್ಟು ಬಿರುಕು. ಮಳೆ ಬಿದ್ದರೆ ಅದೇ ನೆಲ ಉಬ್ಬುತ್ತದೆ. ಕಡಲೆ, ಬಿಳಿಜೋಳ, ಹತ್ತಿಗೆ ಇದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಮನೆ ಕಟ್ಟಲು ಇದಕ್ಕಿಂತ ಕೆಟ್ಟ ಮಣ್ಣಿಲ್ಲ.

ನಮ್ಮೂರು ನವಲಗುಂದ ತಾಲ್ಲೂಕಿನಲ್ಲಿದೆ. 2019ರ ಆಗಸ್ಟ್‌ನಲ್ಲಿ ಬೆಣ್ಣೆಹಳ್ಳ ಉಕ್ಕಿ ಬಂದಾಗ ನಮ್ಮ ಮಣ್ಣಿನ ಮಾಳಿಗೆ ಮನೆ ಕುಸಿಯಿತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತು. ದುಡ್ಡು ಒಮ್ಮೆಗೇ ಕೈಗೆ ಬರುವುದಿಲ್ಲ. ಪಾಯಕ್ಕೆಂದು ಮೊದಲು 1 ಲಕ್ಷ, ಆಮೇಲೆ ಕೆಲಸ ಏರಿದಂತೆ ಕಂತು. ಹಳ್ಳದ ದಂಡೆಯ ಹಳೆ ಜಾಗ ಬಿಟ್ಟು, ಊರ ಮೇಲ್ಭಾಗದಲ್ಲಿದ್ದ ನಮ್ಮ ಕಣದ ಜಾಗದಲ್ಲಿ ಕಟ್ಟುವುದೆಂದು ನಿಶ್ಚಯಿಸಿದೆವು. ಮೂರು ಖೋಲಿ, ಮುಂದೊಂದು ಪಡಸಾಲೆ. ಮೂರನೇ ಖೋಲಿ ಅಣ್ಣನಿಗೆ. ಮನೆ ಬೀಳುವ ಮೊದಲೇ ಅವನ ಲಗ್ನ ಗೊತ್ತಾಗಿತ್ತು, ಹುಡುಗಿ ಮನೆಯವರು ಕಾಯುತ್ತಿದ್ದರು.

ಗೌಂಡಿ ಬಂದು ಅಳತೆ ಹಿಡಿದರು. "ಅಣ್ಣಾರ, ನಾಕ್ ಫೂಟ್ ಪಾಯಾ ತಗದು ಕಲ್ಲಿನ್ಯಾಗ ಕಟ್ಟೂಣ್ರಿ. ಇದ್ದ ರೊಕ್ಕದಾಗ ಮೂರೂ ಖೋಲಿಗೆ ಛತ್ತ ಬೀಳತೈತಿ" ಅಂದರು. ಅವರು ಸುಳ್ಳು ಹೇಳಲಿಲ್ಲ. ನಮ್ಮೂರಲ್ಲಿ ಎಷ್ಟೋ ಮನೆ ಹಾಗೇ ಎದ್ದಿವೆ. ಆದರೆ ಆ ಮನೆಗಳ ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಏರುವ ಬಿರುಕನ್ನು ನೋಡುತ್ತಲೇ ನಾವು ಬೆಳೆದಿದ್ದೇವೆ. ದೀಪಾವಳಿಗೆ ಸಿಮೆಂಟ್ ಮೆತ್ತುತ್ತಾರೆ, ಬೇಸಿಗೆಗೆ ಮತ್ತೆ ಬಿಡುತ್ತದೆ.

ತಪ್ಪು ಗೋಡೆಯದಲ್ಲ. ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಇರುತ್ತದೆ. ಅದರ ಪದರುಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಮನೆಯ ಅಂಚಿನ ಮಣ್ಣು ಮಳೆ, ಬಿಸಿಲು ಎರಡನ್ನೂ ಉಣ್ಣುತ್ತದೆ, ನಡುಮನೆಯ ಕೆಳಗಿನ ಮಣ್ಣು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಒಂದು ಮೂಲೆ ಏಳುತ್ತದೆ, ಇನ್ನೊಂದು ಇಳಿಯುತ್ತದೆ. ಹಳೆ ಮನೆಗಳಿಗೆ ಕಟ್ಟಿಗೆಯ ಕಂಬ, ತೊಲೆ ಇದ್ದವು, ಒಂದಿಷ್ಟು ಅಲುಗಿದರೂ ತಾಳಿಕೊಳ್ಳುತ್ತಿದ್ದವು. ಇಟ್ಟಿಗೆ, ಸಿಮೆಂಟಿಗೆ ಆ ಗುಣವಿಲ್ಲ.

ಹುಬ್ಬಳ್ಳಿಯಲ್ಲಿ ಸೈಟ್ ಕೆಲಸ ನೋಡುವ ಅಣ್ಣನ ಗೆಳೆಯ ಬಂದು ಒಂದು ಗುಂಡಿ ತೋಡಿಸಿ ನೋಡಿದ. ಎಂಟು ಅಡಿಗೆ ಗರಸು ಸಿಕ್ಕಿತು. "ಗರಸಿನ ಮ್ಯಾಲೆ ಕುಂದ್ರಸ್ರಿ, ನಡುವ ಎಲ್ಲೂ ನಿಲ್ಲಬ್ಯಾಡ್ರಿ" ಅಂದ. ಹನ್ನೆರಡು ಗುಂಡಿ, ಹನ್ನೆರಡು ಪಿಲ್ಲರ್, ಮೇಲೆ ಎಲ್ಲವನ್ನೂ ಕೂಡಿಸುವ ಬೀಮ್. (ಗರಸು ಇನ್ನೂ ಆಳದಲ್ಲಿದ್ದರೆ ಬೇರೆ ದಾರಿ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಢಿಗೆ ತಂದ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬ. ಅದನ್ನು ಕನಿಷ್ಠ 3.5 ಮೀಟರ್ ಇಳಿಸುತ್ತಾರೆ.)

ಲೆಕ್ಕ ಹಾಕಿದರೆ ಮೂರನೇ ಖೋಲಿಯ ದುಡ್ಡು ಗುಂಡಿಯೊಳಗೆ ಹೋಗುತ್ತಿತ್ತು. ಆ ರಾತ್ರಿ ಬಾಡಿಗೆ ಮನೆಯಲ್ಲಿ ಜಗಳವೇ ಆಯಿತು. "ಸೊಸಿ ಬರೂಮುಂದ ಖೋಲಿ ಬ್ಯಾಡನ? ಪಾಯಾ ಯಾರ ನೋಡ್ತಾರ?" ಅಂದಳು ಅವ್ವ. "ಖೋಲಿ ನಾಳೆ ಕಟ್ಟಬಹುದು. ಪಾಯಾ ನಾಳೆ ತಗ್ಯಾಕ ಬರತೈತೇನ?" ಅಂದ ಅಪ್ಪ. ಅಣ್ಣ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಅವನೇ ಜೆಸಿಬಿಯವರಿಗೆ ಫೋನ್ ಮಾಡಿದ. ಪಾಯ ಮೂರಕ್ಕೂ, ಗೋಡೆ ಎರಡಕ್ಕೆ ಎಂದಾಯಿತು.

2020ರ ಮಾರ್ಚ್‌ನಲ್ಲಿ ಗುಂಡಿ ತೆಗೆದೆವು. ಸಳಿ ಕಟ್ಟುವಷ್ಟರಲ್ಲಿ ಲಾಕ್‌ಡೌನ್. ಸಿಮೆಂಟ್ ಇಲ್ಲ, ಪಕ್ಕದೂರಿನ ಗೌಂಡಿ ಬರುವಂತಿಲ್ಲ. ಮುಂದೆ ಮಳೆ ಹಿಡಿದಾಗ ಹನ್ನೆರಡೂ ಗುಂಡಿ ತುಂಬಿದವು, ದಂಡೆ ಕುಸಿದು ಕೆಸರು ಒಳಗಿಳಿಯಿತು. ಮೋಟಾರ್ ಹಚ್ಚಿ ನೀರು ಹೊರಹಾಕಿ, ಮತ್ತೆ ಕುಸಿಯದಂತೆ ದಂಡೆಯನ್ನು ಇಳಿಜಾರು ಮಾಡಿಸಿ, ಆಮೇಲೆ ನಾವೇ ಒಳಗಿಳಿದು ಬುಟ್ಟಿಯಲ್ಲಿ ಕೆಸರು ಎತ್ತಿದೆವು. ಗರಸು ಮತ್ತೆ ಕಾಣುವವರೆಗೆ, ಎರಡು ವಾರ. ಮೆತ್ತಗಾದ ಮಣ್ಣಿನ ಮೇಲೆ ಕಾಂಕ್ರೀಟ್ ಸುರಿದರೆ ಎಂಟು ಅಡಿ ತೋಡಿದ್ದೇ ದಂಡ.

ನಮ್ಮ ಕಡೆ ಬೋರ್ ನೀರು ಸವಳು. ಉಪ್ಪು ನೀರಲ್ಲಿ ಕಲಸಿದ ಕಾಂಕ್ರೀಟಿನೊಳಗೆ ಸಳಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಕೆರೆ ನೀರನ್ನೇ ಟ್ಯಾಂಕರಿನಲ್ಲಿ ತಂದೆವು. ಕುಡಿಯುವ ನೀರನ್ನು ಪಾಯಕ್ಕೆ ಸುರಿಯುತ್ತಾರೆ ಎಂದು ಓಣಿಯ ಹಿರಿಯರೊಬ್ಬರು ಬೈದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಊರು ನಕ್ಕಿದ್ದು ಬೀಮ್ ನೋಡಿ. ಅದನ್ನು ನೆಲಕ್ಕೆ ತಾಗಿಸಲಿಲ್ಲ. ಉಸುಕು ಹಾಸಿ ಅದರ ಮೇಲೆ ಬೀಮ್ ಹಾಕಿ, ಗಟ್ಟಿಯಾದ ಮೇಲೆ ಉಸುಕು ಕೆರೆದು ತೆಗೆದೆವು. ಕೆಳಗೆ ಮೂರು ಇಂಚು ಖಾಲಿ ಉಳಿಯಿತು. ಮಳೆಗಾಲದಲ್ಲಿ ಉಬ್ಬುವ ಮಣ್ಣು ಬೀಮನ್ನೇ ಎತ್ತಬಾರದಲ್ಲ, ಅದಕ್ಕೆ ಆ ಸಂದಿ. "ಗಾಳಿ ಮ್ಯಾಲೆ ಮನಿ ಕಟ್ಟಾಕತ್ತಾರ ನೋಡ್ರಿ" ಎಂಬ ಮಾತು ಚಹಾದಂಗಡಿವರೆಗೂ ಹೋಗಿತ್ತು. ಸಂದಿಯ ಎರಡೂ ಬದಿಗೆ ಇಟ್ಟಿಗೆ ನಿಲ್ಲಿಸಿ ಮುಚ್ಚಿದೆವು. ತೋಡಿದ ಕರಿ ಮಣ್ಣು ಹೊಲಕ್ಕೆ ಹೋಯಿತು. ಮನೆಯೊಳಗೆ ತುಂಬಿದ್ದು ಗರಸು, ನೀರು ಹೊಡೆದು ದಮ್ಮಸು ಬಡಿದು.

ಸುತ್ತ ಮೂರಡಿ ಅಗಲಕ್ಕೆ ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಹಾಸಿದೆವು, ಬಚ್ಚಲ ನೀರನ್ನು ಪೈಪಿನಲ್ಲಿ ದೂರ ಬಿಟ್ಟೆವು. ಗೋಡೆ ಬುಡದ ಮಣ್ಣು ಒಮ್ಮೆ ನೆಂದು ಒಮ್ಮೆ ಒಣಗುವುದೇ ಎಲ್ಲ ಕಾಟದ ಮೂಲ. ಆಳದ ಪಾಯ ಕೈಗೆಟುಕದಿದ್ದರೆ ನೀವು ಇದೊಂದನ್ನಾದರೂ ಮಾಡಿಸಿ. ಖರ್ಚು ಕಡಿಮೆ, ಹಳೆ ಮನೆಗೂ ಆಗುತ್ತದೆ.

ಅಣ್ಣನ ಲಗ್ನ ಒಂದೂವರೆ ವರ್ಷ ಮುಂದೆ ಹೋಯಿತು. ಹುಡುಗಿ ಮನೆಯವರು ಕಾದರು, ಅದು ಅವರ ದೊಡ್ಡತನ. ಈಗ ಒಂದು ಖೋಲಿ ಅಣ್ಣ, ವೈನಿಗೆ, ಒಂದು ಅಡಿಗೆಗೆ, ಉಳಿದವರೆಲ್ಲ ಪಡಸಾಲೆಯಲ್ಲಿ. ಅಪ್ಪ ಬೇಸಿಗೆಯಲ್ಲಿ ಬಾಗಿಲ ಮೂಲೆಗಳಿಗೆ ಬೆರಳಾಡಿಸಿ ನೋಡುತ್ತಾನೆ. ಇಲ್ಲಿವರೆಗೆ ಬಿರುಕಿಲ್ಲ. ಅವ್ವ ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ, ಬೀಗರು ಬಂದಾಗಲೆಲ್ಲ ಖೋಲಿಯ ಮಾತು ತೆಗೆಯುತ್ತಾಳೆ.

ಮೂರನೇ ಖೋಲಿಯ ಪಿಲ್ಲರುಗಳ ಸಳಿ ಹೊರಗೇ ಇವೆ. ತುಕ್ಕು ಹಿಡಿಯದಂತೆ ಸಿಮೆಂಟ್ ಹಾಲು ಬಳಿದಿದ್ದೇವೆ. ಈ ಸಲ ಕಡಲೆಗೆ ರೇಟು ಬಂದರೆ ಗೋಡೆ ಎಬ್ಬಿಸುವುದು. ಗೌಂಡಿ ಆಗಲೇ ಬಂದು ಇಟ್ಟಿಗೆ ಲೆಕ್ಕ ಬರೆದುಕೊಟ್ಟು ಹೋಗಿದ್ದಾರೆ.