ವ್ಯಾಂಕೂವರ್‌ನಿಂದ ಹಡಗು, ವಿಟಿಯರ್‌ನಿಂದ ರೈಲು: ಅಲಾಸ್ಕಕ್ಕೆ ಅಗ್ಗದ ದಾರಿ

ಅಲಾಸ್ಕಕ್ಕೆ ಹೋಗುವ ಕ್ರೂಸ್ ಹಡಗುಗಳಲ್ಲಿ ಎರಡು ಬಗೆ. ಸಿಯಾಟಲ್ ಅಥವಾ ವ್ಯಾಂಕೂವರ್‌ನಿಂದ ಹೊರಟು, ಮೂರು ನಾಲ್ಕು ಊರು ತೋರಿಸಿ, ಏಳು ರಾತ್ರಿ ಕಳೆದ ಮೇಲೆ ಹತ್ತಿಸಿಕೊಂಡ ಊರಿಗೇ ತಂದು ಇಳಿಸುವುದು ಒಂದು. ವ್ಯಾಂಕೂವರ್‌ನಿಂದ ಉತ್ತರಕ್ಕೆ ಹೊರಟು, ಅಲಾಸ್ಕ ಕೊಲ್ಲಿಯನ್ನು ದಾಟಿ, ವಿಟಿಯರ್ ಇಲ್ಲವೆ ಸೀವರ್ಡ್ ಬಂದರಿನಲ್ಲಿ ಇಳಿಸಿಬಿಡುವುದು ಇನ್ನೊಂದು. ಅದೂ ಏಳು ರಾತ್ರಿಯ ಪ್ರಯಾಣವೇ. ಹೆಚ್ಚಿನವರು ಮೊದಲನೆಯದನ್ನು ಹಿಡಿಯುತ್ತಾರೆ. ಹೋಗುವ ವಿಮಾನವೂ ಬರುವ ವಿಮಾನವೂ ಒಂದೇ ಊರಿನದಾಗುತ್ತದೆ, ತಲೆನೋವಿಲ್ಲ. ಆದರೆ ಡೆನಾಲಿ ಪರ್ವತ, ಟಂಡ್ರಾ ಬಯಲು, ಫೇರ್‌ಬ್ಯಾಂಕ್ಸ್ ಕಡೆಯ ಮುಗಿಯದ ಹಗಲು ಇವನ್ನೆಲ್ಲ ನೋಡಬೇಕೆನ್ನುವವರಿಗೆ ಎರಡನೆಯದೇ ಸರಿ. ಊಟ, ಹಾಸಿಗೆ ಸಮೇತ ಉತ್ತರಕ್ಕೆ ಮುಟ್ಟಿಸುವ ವಾಹನವೆಂದಷ್ಟೇ ಹಡಗನ್ನು ಬಳಸಿಕೊಂಡು, ಇಳಿದ ಮೇಲಿನ ಸುತ್ತಾಟವನ್ನು ತಾವೇ ಹೊಂದಿಸಿಕೊಳ್ಳಬಹುದು.

ಹಡಗಿನ ಪ್ರಯಾಣವನ್ನೂ ನೆಲದ ಸುತ್ತಾಟವನ್ನೂ ಒಟ್ಟಿಗೆ ಕಟ್ಟಿ ‘ಕ್ರೂಸ್ ಟೂರ್’ ಎಂದು ಮಾರುವ ಹಡಗು ಕಂಪನಿಗಳೂ ಇವೆ. ತಮ್ಮದೇ ಲಾಡ್ಜು, ತಮ್ಮದೇ ಬಸ್ಸು, ಗಾಜಿನ ಮಾಡಿನ ತಮ್ಮದೇ ರೈಲು ಬೋಗಿ. ಮೊಣಕಾಲು ನೋವಿನವರಿಗೆ, ಸಾಮಾನು ಎತ್ತಲಾಗದವರಿಗೆ ಇದು ಒಳ್ಳೆಯ ಏರ್ಪಾಡು. ದುಡ್ಡಿನ ಲೆಕ್ಕ ಬೇರೆ. ಆ ಗಾಜಿನ ಬೋಗಿಗಳನ್ನು ಎಳೆಯುವುದು ಅಲಾಸ್ಕ ರೈಲ್‌ರೋಡಿನ ಎಂಜಿನ್ನೇ. ಅದೇ ರೈಲಿನ ಸಾಮಾನ್ಯ ದರ್ಜೆಯ ಬೋಗಿಯಲ್ಲಿ ಕೂತವರಿಗೂ ಅದೇ ಕಣಿವೆ, ಅದೇ ಸೇತುವೆ.

ಏಕಮುಖ ಹಡಗುಗಳು ಅಮೆರಿಕದ ಸಿಯಾಟಲ್ ಬಿಟ್ಟು ಕೆನಡಾದ ವ್ಯಾಂಕೂವರ್‌ನಿಂದ ಹೊರಡುವುದಕ್ಕೆ ಒಂದು ಹಳೆಯ ಕಾನೂನು ಕಾರಣ. ಅಮೆರಿಕದ ಒಂದು ಬಂದರಿನಲ್ಲಿ ಹತ್ತಿಸಿಕೊಂಡವರನ್ನು ನೇರವಾಗಿ ಅದೇ ದೇಶದ ಇನ್ನೊಂದು ಬಂದರಿನಲ್ಲಿ ಇಳಿಸಲು ವಿದೇಶಿ ಧ್ವಜದ ಹಡಗುಗಳಿಗೆ 1886ರ ಕಾಯ್ದೆಯಲ್ಲಿ ಅನುಮತಿಯಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಬಹುಪಾಲು ಬಹಾಮಾಸ್, ಪನಾಮ, ಬರ್ಮುಡದಂಥ ಕಡೆ ನೋಂದಣಿಯಾದವು. ಸಿಯಾಟಲ್‌ನಿಂದ ಹೋಗಿಬರುವ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ, ಎಷ್ಟೋ ಸಲ ಕತ್ತಲಾದ ಮೇಲೆ, ಕೆಲವೇ ಗಂಟೆ ತಂಗುವುದೂ ಈ ಕಾಯ್ದೆಯ ಶಾಸ್ತ್ರ ಮುಗಿಸಲಿಕ್ಕೇ. ಕೋವಿಡ್ ಕಾಲದಲ್ಲಿ ಕೆನಡಾ ತನ್ನ ಬಂದರುಗಳನ್ನು ಮುಚ್ಚಿದಾಗ ಅಲಾಸ್ಕದ ಹಡಗುಗಳಿಗಾಗಿ 2021ರಲ್ಲಿ ಅಮೆರಿಕದ ಸಂಸತ್ತು ತಾತ್ಕಾಲಿಕ ವಿನಾಯಿತಿಯನ್ನೇ ಕೊಡಬೇಕಾಯಿತು.

ಹೀಗೆ ಹಡಗು ಕೆನಡಾದಿಂದ ಹೊರಡುವುದರಿಂದ ಭಾರತದ ಪಾಸ್‌ಪೋರ್ಟಿನವರಿಗೆ ಒಂದು ಕೆಲಸ ಹೆಚ್ಚು. ಅಮೆರಿಕದ ವೀಸಾದ ಜೊತೆಗೆ ಕೆನಡಾದ ವೀಸಾವೂ ಕೈಯಲ್ಲಿರಬೇಕು. ಮಕ್ಕಳ ಮನೆಗೆಂದು ಬೆಂಗಳೂರು, ಮೈಸೂರಿನಿಂದ ಅಮೆರಿಕಕ್ಕೆ ಹೋದ ತಂದೆತಾಯಿಯರು ಅಲ್ಲಿಂದ ಈ ಪ್ರವಾಸ ಸೇರಿಕೊಳ್ಳುವುದು ಈಗ ಸಾಮಾನ್ಯ. ಮಗ ಅಥವಾ ಮಗಳಿಗೆ ಗ್ರೀನ್ ಕಾರ್ಡ್ ಇದ್ದರೆ ಅದನ್ನೂ ಪಾಸ್‌ಪೋರ್ಟನ್ನೂ ತೋರಿಸಿ ಕೆನಡಾ ಪ್ರವೇಶಿಸಬಹುದು. ಅಪ್ಪ ಅಮ್ಮನಿಗೆ ಆ ಸೌಲಭ್ಯವಿಲ್ಲ. ಕೆನಡಾದ ವೀಸಾಕ್ಕೆ ಅವರು ತಿಂಗಳುಗಳ ಮುಂಚೆಯೇ ಅರ್ಜಿ ಹಾಕುವುದು ಕ್ಷೇಮ. ಕೆನಡಾದ ಗೊಡವೆಯೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ: ಅಲಾಸ್ಕ ರಾಜ್ಯ ಸರ್ಕಾರವೇ 1963ರಿಂದ ನಡೆಸುತ್ತಿರುವ ‘ಮರೀನ್ ಹೈವೇ’ ದೋಣಿಗಳು. ಸಿಯಾಟಲ್‌ನ ಉತ್ತರಕ್ಕಿರುವ ಬೆಲ್ಲಿಂಗ್‌ಹ್ಯಾಮ್‌ನಿಂದ ಹೊರಟರೆ ಕೆನಡಾದಲ್ಲಿ ನಿಲ್ಲದೆ ಸುಮಾರು ಒಂದೂವರೆ ದಿನದಲ್ಲಿ ಕೆಚಿಕನ್ ತಲುಪುತ್ತವೆ. ಕ್ಯಾಬಿನ್ ಕೊಳ್ಳಬೇಕೆಂದಿಲ್ಲ. ಮೇಲಿನ ಡೆಕ್ಕಿನಲ್ಲಿ ಗಾಳಿಗೆ ಹಾರದಂತೆ ಅಂಟುಪಟ್ಟಿ ಹಾಕಿ ಡೇರೆ ಬಿಗಿದು ಮಲಗುವವರೂ ಇದ್ದಾರೆ. ಆದರೆ ಇವುಗಳ ವೇಳಾಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಊಟಕ್ಕೆ ಬೇರೆ ದುಡ್ಡು. ಎಲ್ಲ ಸೇರಿಸಿ ಕೂಡಿದರೆ ಕ್ರೂಸ್ ಹಡಗಿನ ಕಿಟಕಿಯಿಲ್ಲದ ಕ್ಯಾಬಿನ್ನೇ ಅಗ್ಗವಾಗುವ ಸಂದರ್ಭಗಳೂ ಇವೆ.

ಕ್ಯಾಬಿನ್ ವಿಷಯದಲ್ಲಿ ಜನ ವೃಥಾ ಖರ್ಚು ಮಾಡುತ್ತಾರೆ. ಒಳಗಿನ ಕ್ಯಾಬಿನ್, ಕಿಟಕಿಯದು, ಬಾಲ್ಕನಿಯದು ಎಂದು ದರ ಏರುತ್ತ ಹೋಗುತ್ತದೆ. ಅಲಾಸ್ಕದ ಬೇಸಿಗೆಯಲ್ಲಿ ಬೆಳಕು ರಾತ್ರಿ ಹತ್ತರವರೆಗೂ ಇರುವುದರಿಂದ ಎಚ್ಚರವಿರುವಷ್ಟು ಹೊತ್ತು ಡೆಕ್ಕಿನ ಮೇಲೇ ಇರುವವನಿಗೆ ಕ್ಯಾಬಿನ್ ಕತ್ತಲಿರುವುದು ಒಳ್ಳೆಯದೇ, ನಿದ್ದೆಯಾದರೂ ಬರುತ್ತದೆ. ಜಾಹೀರಾತಿನಲ್ಲಿ ಕಾಣುವ ದರ ಒಂದು ಕ್ಯಾಬಿನ್ನಿನಲ್ಲಿ ಇಬ್ಬರಿದ್ದಾಗ ಒಬ್ಬರಿಗೆ ತಗಲುವುದು. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ದುಡ್ಡನ್ನೂ ಕೊಡಬೇಕು. ಅದರ ಮೇಲೆ ಬಂದರು ಶುಲ್ಕ, ದಿನಕ್ಕಿಷ್ಟೆಂದು ಸೇರುವ ಟಿಪ್ಸ್, ಅಲಾಸ್ಕ ಸರ್ಕಾರ ತಲೆಗೆ 34.50 ಡಾಲರಿನಂತೆ ವಸೂಲು ಮಾಡುವ ತೆರಿಗೆ. ಬೇರೆ ಬೇರೆ ಹಡಗಿನ ದರ ಹೋಲಿಸುವಾಗ ಇವನ್ನೆಲ್ಲ ಕೂಡಿಸಿದ ಮೊತ್ತವನ್ನೇ ನೋಡಬೇಕು. ಊಟ ದರದಲ್ಲೇ ಸೇರಿರುತ್ತದೆ. ಶಾಕಾಹಾರಿಗಳು ಹಿಂದಿನ ರಾತ್ರಿಯೇ ಊಟದ ಹಾಲಿನ ಮೇಲ್ವಿಚಾರಕರಿಗೆ ಹೇಳಿಟ್ಟರೆ ಮರುದಿನ ದಾಲ್, ಪಲ್ಯ, ಅನ್ನ ಸಿಗುತ್ತದೆ. ಅಡಿಗೆಯವರಲ್ಲಿ ಗೋವಾ, ಮುಂಬೈ, ಮಂಗಳೂರು ಕಡೆಯವರು ಇದ್ದರಂತೂ ಅನ್ನದ ಜೊತೆ ಹಸಿಮೆಣಸಿನಕಾಯಿಯೂ ಬರುತ್ತದೆ.

ಎಲ್ಲಕ್ಕಿಂತ ಎಚ್ಚರದಿಂದ ಗೊತ್ತುಮಾಡಬೇಕಾದದ್ದು ತಾರೀಖು. ಹಡಗಿನ ದರ ತೀರ ಇಳಿಯುವುದು ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ. ಅಗ್ಗವೆಂದು ಆಗ ಹೋದವರಿಗೆ ನೆಲದ ಮೇಲೆ ಏನೂ ಸಿಗುವುದಿಲ್ಲ. ಆಂಕರೇಜ್–ಫೇರ್‌ಬ್ಯಾಂಕ್ಸ್ ನಡುವಿನ ಬೇಸಿಗೆಯ ರೈಲು ಮೇ ಮಧ್ಯದಲ್ಲಿ ಶುರುವಾಗುತ್ತದೆ, ಡೆನಾಲಿ ಉದ್ಯಾನದ ಬಸ್ಸುಗಳು ಮೇ 20ರ ಹೊತ್ತಿಗೆ. ಸೆಪ್ಟೆಂಬರ್ ಮಧ್ಯದಲ್ಲಿ ಎರಡೂ ನಿಲ್ಲುತ್ತವೆ. ಹಾಗಾಗಿ ಏಳು ರಾತ್ರಿ ಕಳೆದು ಇಳಿಯುವ ದಿನ ಮೇ 20 ದಾಟಿರುವಂತೆ ಹಡಗು ಹಿಡಿಯಬೇಕು. ಈ ಬರಹಕ್ಕೆ ಆಧಾರವಾದ ಪ್ರವಾಸ ಮೇ ಕೊನೆಯ ಭಾಗದ್ದು. ಜುಲೈ ತಿಂಗಳ ದರವೂ ಇರಲಿಲ್ಲ, ಸೊಳ್ಳೆ ಇನ್ನೂ ಎದ್ದಿರಲಿಲ್ಲ, ಮಳೆಯೂ ಕಡಿಮೆ. ಆಗಸ್ಟ್ ಕೊನೆಯ ವಾರ ಇನ್ನೊಂದು ಒಳ್ಳೆಯ ಸಮಯ: ಟಂಡ್ರಾ ಕೆಂಪೇರಿರುತ್ತದೆ, ಫೇರ್‌ಬ್ಯಾಂಕ್ಸ್‌ನಲ್ಲಿ ಧ್ರುವಪ್ರಭೆ ಕಾಣುವಷ್ಟು ರಾತ್ರಿ ಕಪ್ಪಾಗಿರುತ್ತದೆ. ಮಳೆ ಮಾತ್ರ ಹೆಚ್ಚು.

ಹಡಗು ಮೊದಲೋ ನೆಲ ಮೊದಲೋ ಎಂಬ ಪ್ರಶ್ನೆಗೆ ಇಲ್ಲಿ ಹಡಗು ಮೊದಲು ಎಂದೇ ಉತ್ತರ. ವ್ಯಾಂಕೂವರ್‌ಗೆ ಬೇಕಾದಷ್ಟು ವಿಮಾನಗಳಿವೆ. ಸಿಯಾಟಲ್‌ನಿಂದ ಬಸ್ಸಿನಲ್ಲೋ ರೈಲಿನಲ್ಲೋ ನಾಲ್ಕು ಗಂಟೆಯ ದಾರಿ. ಹಿಂದಿನ ದಿನವೇ ತಲುಪಿ ಉಳಿದರೆ ಹಡಗು ತಪ್ಪುವ ಭಯವಿಲ್ಲ. ಆಮೇಲಿನ ನೆಲದ ಪ್ರವಾಸಕ್ಕೆ ಗಡುವಿಲ್ಲ, ಮೋಡ ಮುಚ್ಚಿದರೆ ಒಂದು ದಿನ ಹೆಚ್ಚು ಕಾಯಬಹುದು. ತಿರುಗಿಸಿದರೆ, ಡೆನಾಲಿಯಲ್ಲಿ ಬಸ್ಸು ತಡವಾದಾಗಲೆಲ್ಲ ವಿಟಿಯರ್‌ನಲ್ಲಿ ಕಾದಿರುವ ಹಡಗಿನ ಚಿಂತೆ.

ಮೊದಲು ಸಿಗುವ ಊರು ಕೆಚಿಕನ್. ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಮಳೆ, ಅಂದರೆ ಹೆಚ್ಚುಕಡಿಮೆ ಅರ್ಧ ಆಗುಂಬೆ. ಹೊಳೆಯ ಮೇಲೆ ಮರದ ಕಂಬ ನೆಟ್ಟು ಕಟ್ಟಿದ ಕ್ರೀಕ್ ಸ್ಟ್ರೀಟ್, ಟ್ಲಿಂಗಿಟ್ ಜನರ ಹಳೆಯ ಟೋಟೆಮ್ ಕಂಬಗಳ ಸಂಗ್ರಹಾಲಯ, ಎರಡನ್ನೂ ಬಂದರಿನಿಂದ ನಡೆದೇ ನೋಡಬಹುದು. ದುಡ್ಡು ಬಿಚ್ಚಬೇಕಾದ ಊರಲ್ಲ.

ಜೂನೋ ಅಲಾಸ್ಕ ರಾಜ್ಯದ ರಾಜಧಾನಿ. ಆದರೂ ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ, ವಿಮಾನ ಅಥವಾ ದೋಣಿಯೇ ಗತಿ. ಊರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಮೆಂಡೆನ್‌ಹಾಲ್ ಹಿಮನದಿ. ಹಡಗಿನವರ ಪ್ರವಾಸ ಪಟ್ಟಿಯಲ್ಲಿ ಇದಕ್ಕೆ ದೊಡ್ಡ ಮೊತ್ತ ಬರೆದಿರುತ್ತದೆ. ಎರಡು ಡಾಲರಿನ ಸಿಟಿ ಬಸ್ಸಿಗೆ ಚಿಲ್ಲರೆ ಇಟ್ಟುಕೊಂಡವರೂ ಅಲ್ಲಿಗೇ ಹೋಗುತ್ತಾರೆ. ಬಸ್ಸು ಆಸ್ಪತ್ರೆ, ಶಾಲೆ, ಸೂಪರ್‌ಮಾರ್ಕೆಟ್ ಎಂದು ಸುತ್ತಿಕೊಂಡು ಊರವರ ನಡುವೆ ಕರೆದೊಯ್ದು, ಹಿಮನದಿಗೆ ಎರಡು ಎರಡೂವರೆ ಕಿಲೋಮೀಟರ್ ಇರುವಾಗ ಇಳಿಸುತ್ತದೆ. ಉಳಿದದ್ದು ಮರಗಳ ನಡುವಿನ ಚಪ್ಪಟೆ ದಾರಿ. 1962ರಲ್ಲಿ ತೆರೆದ ಅಲ್ಲಿಯ ಪ್ರವಾಸಿ ಕೇಂದ್ರ ಅಮೆರಿಕದ ಅರಣ್ಯ ಇಲಾಖೆ ಕಟ್ಟಿಸಿದ ಇಂಥ ಕೇಂದ್ರಗಳಲ್ಲಿ ಮೊದಲನೆಯದು. ಅಂದು ಗಾಜಿನ ಗೋಡೆಯ ಎದುರಿಗೇ ಇದ್ದ ಮಂಜುಗಡ್ಡೆ ಈಗ ದೂರ ಸರಿದಿದೆ. ಅಲ್ಲಿಂದ ನಗೆಟ್ ಜಲಪಾತದ ಕಾಲುದಾರಿ ಹಿಡಿದರೆ ತೇಲಿಬಂದ ನೀಲಿ ಗಡ್ಡೆಗಳನ್ನು ಸರೋವರದ ದಂಡೆಯಿಂದಲೇ ನೋಡಬಹುದು. ಒಂದು ಎಚ್ಚರ: ಹಡಗಿನವರ ಪ್ರವಾಸಕ್ಕೆ ಹೋದವರು ತಡವಾದರೆ ಹಡಗು ಕಾಯುತ್ತದೆ, ಸಿಟಿ ಬಸ್ಸಿನವರಿಗೆ ಕಾಯುವುದಿಲ್ಲ. ಹಡಗಿನ ಗಡಿಯಾರವನ್ನೇ ನಂಬಿ, ಕನಿಷ್ಠ ಒಂದು ಗಂಟೆ ಕೈಯಲ್ಲಿಟ್ಟುಕೊಂಡು ಮರಳಬೇಕು.

ಸ್ಕಾಗ್ವೇ ದುಡ್ಡು ಬಿಚ್ಚಬೇಕಾದ ಊರು. 1897–98ರಲ್ಲಿ ಕೆನಡಾದ ಕ್ಲಾಂಡೈಕ್ ಚಿನ್ನದ ಹುಚ್ಚು ಹತ್ತಿದವರು ಇಳಿದದ್ದು ಇಲ್ಲಿ ಮತ್ತು ಪಕ್ಕದ ಡೈಯಾದಲ್ಲಿ. ಒಂದು ವರ್ಷಕ್ಕಾಗುವಷ್ಟು ಸಾಮಾನು, ಹತ್ತಿರ ಹತ್ತಿರ ಒಂದು ಟನ್ನು, ಜೊತೆಗಿಲ್ಲದವರನ್ನು ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಜನ ಅದನ್ನು ಹೊತ್ತುಕೊಂಡು ಮತ್ತೆ ಮತ್ತೆ ಬೆಟ್ಟ ಹತ್ತಿಳಿದರು. ವೈಟ್ ಪಾಸ್ ರೈಲು ಹುಟ್ಟಿದ್ದು ಈ ಗೋಳಿನಿಂದಲೇ. 1898ರ ಮೇ ತಿಂಗಳಲ್ಲಿ ಶುರುವಾದ ಕೆಲಸ 1900ರ ಜುಲೈನಲ್ಲಿ ಮುಗಿಯುವ ಹೊತ್ತಿಗೆ ಚಿನ್ನದ ಗದ್ದಲವೇ ಮುಗಿದಿತ್ತು. ಮೂರು ಅಡಿ ಅಗಲದ ಹಳಿ, ನಮ್ಮ ಹಿಂದಿನ ಮೀಟರ್ ಗೇಜಿಗಿಂತಲೂ ಕಿರಿದು. ಸಮುದ್ರಮಟ್ಟದಿಂದ ಹೊರಟು 32 ಕಿಲೋಮೀಟರಿನಲ್ಲಿ 873 ಮೀಟರ್ ಏರುತ್ತದೆ. ಹತ್ತುವಾಗ ಎಡಗಡೆ ಕೂತರೆ ಪ್ರಪಾತ ಕಾಣುತ್ತದೆ. ಹಳಿ ಹಾಕುವಾಗ ನೂರು ಟನ್ನಿನ ಬಂಡೆಯಡಿ ಸಿಕ್ಕಿ ಸತ್ತ ಇಬ್ಬರು ಕೂಲಿಗಳ ಜಾಗದಲ್ಲಿ ಒಂದು ಕಪ್ಪು ಶಿಲುಬೆ. ಇನ್ನೂ ಮೇಲೆ, ಸುಮಾರು 3,000 ಹೇರುಪ್ರಾಣಿಗಳು ಬಿದ್ದು ಸತ್ತ ಕಮರಿ. ಟಿಕೆಟ್ ದುಬಾರಿಯೇ, ಆದರೆ ಸಿಟಿ ಬಸ್ಸಿನಲ್ಲಿ ಉಳಿಸಿದ ದುಡ್ಡು ಇಂಥದ್ದಕ್ಕೆ ಇರಬೇಕು. ಶಿಖರ ಮುಟ್ಟಿ ಹಿಂದಿರುಗುವ ಟಿಕೆಟ್ಟನ್ನು ರೈಲ್ವೆಯಿಂದಲೇ ನೇರವಾಗಿ ಕೊಳ್ಳಬಹುದು. ಬೇಡವೆಂದವರಿಗೆ ಊರಿನಿಂದ ಮೂರು ಕಿಲೋಮೀಟರ್ ದೂರದ ಚಿನ್ನದ ಕಾಲದ ಸ್ಮಶಾನವಿದೆ. ಊರನ್ನೇ ಸುಲಿಯುತ್ತಿದ್ದ ಸೋಪಿ ಸ್ಮಿತ್ ಎಂಬ ಮೋಸಗಾರನೂ, 1898ರ ಜುಲೈ 8ರಂದು ಅವನೊಡನೆ ಗುಂಡಿನ ಕಾಳಗ ನಡೆಸಿ ಗಾಯಗೊಂಡು ಸತ್ತ ಫ್ರ್ಯಾಂಕ್ ರೀಡನೂ ಅಲ್ಲೇ ಮಣ್ಣಾಗಿದ್ದಾರೆ.

ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದಲ್ಲಿ ಹಡಗು ಕಟ್ಟುವುದಿಲ್ಲ, ದಿನವಿಡೀ ನಿಧಾನವಾಗಿ ಸಾಗಿ ಹೊರಬರುತ್ತದೆ. ಉದ್ಯಾನದ ರೇಂಜರುಗಳು ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತಿ ಧ್ವನಿವರ್ಧಕದಲ್ಲಿ ವಿವರಿಸುತ್ತಾರೆ. 1794ರಲ್ಲಿ ಬ್ರಿಟಿಷ್ ನಾವಿಕ ವ್ಯಾಂಕೂವರನ ನೌಕಾತಂಡ ಬಂದಾಗ ಕೊಲ್ಲಿಯ ಬಾಯಲ್ಲೇ ಮಂಜಿನ ಗೋಡೆ ಇತ್ತು. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ಬರುವಷ್ಟರಲ್ಲಿ ಅದು ಹತ್ತಾರು ಕಿಲೋಮೀಟರ್ ಹಿಂದೆ ಸರಿದಿತ್ತು. ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಅನುಮತಿ, ಆದ್ದರಿಂದ ಟಿಕೆಟ್ ಕೊಳ್ಳುವಾಗ ಮಾರ್ಗಪಟ್ಟಿಯಲ್ಲಿ ಈ ಹೆಸರಿದೆಯೇ ನೋಡಿಕೊಳ್ಳಬೇಕು. ಮಾರ್ಜರೀ ಹಿಮನದಿಯ ಎದುರು ಹಡಗು ಸುತ್ತು ತಿರುಗುತ್ತ ನಿಲ್ಲುವುದರಿಂದ ಡೆಕ್ಕಿನಲ್ಲಿದ್ದವರಿಗೆ ಎಲ್ಲ ಮಗ್ಗುಲೂ ಕಾಣುತ್ತದೆ. ಬಾಲ್ಕನಿಗೆ ದುಡ್ಡು ಕೊಟ್ಟವರಿಗೆ ಅರ್ಧ ಹೊತ್ತು ಎದುರಿನ ಬಂಡೆಯೇ ನೋಟ. ಅವರೂ ಕೊನೆಗೆ ಮೇಲೆ ಬರುತ್ತಾರೆ. ಗಡ್ಡೆ ಕಳಚಿ ಬೀಳುವುದು ಮೊದಲು ಕಣ್ಣಿಗೆ, ಒಂದೆರಡು ಕ್ಷಣದ ಮೇಲೆ ಕಿವಿಗೆ.

ವಿಟಿಯರ್ ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕಾಗಿ ಹುಟ್ಟಿದ ಬಂದರು. ಊರಿನ ಇನ್ನೂರೈವತ್ತು ಮುನ್ನೂರು ಜನರಲ್ಲಿ ಬಹುತೇಕರ ವಾಸ ಬೆಗಿಚ್ ಟವರ್ಸ್ ಎಂಬ ಒಂದೇ ಹದಿನಾಲ್ಕು ಅಂತಸ್ತಿನ ಕಟ್ಟಡದಲ್ಲಿ. ನೆಲಮಾರ್ಗವಾಗಿ ಹೊರಬರಲು ಬೆಟ್ಟ ಕೊರೆದ ನಾಲ್ಕು ಕಿಲೋಮೀಟರ್ ಸುರಂಗ ಒಂದೇ ದಾರಿ. ಮೊದಲು ರೈಲಿಗೆ ಮಾತ್ರವಿದ್ದ ಇದನ್ನು 2000ದಲ್ಲಿ ವಾಹನಗಳಿಗೂ ತೆರೆದರು. ಹಳಿಯ ಮೇಲೆಯೇ ಕಾರುಗಳು ಓಡುತ್ತವೆ, ಒಂದು ಸಲಕ್ಕೆ ಒಂದೇ ದಿಕ್ಕು. ಹಡಗಿಳಿಯುವ ಹೊತ್ತಿಗೆ ಆಂಕರೇಜ್‌ಗೆ ಬಸ್ಸೂ ರೈಲೂ ಸಿಗುತ್ತವೆ, ಮೊದಲೇ ಕಾದಿರಿಸಬೇಕು. ಬಸ್ಸು ಸಾಮಾನ್ಯವಾಗಿ ಅಗ್ಗ.

ಆಂಕರೇಜ್‌ನಲ್ಲಿ ಅಡಿಗೆಮನೆಯಿರುವ ಹಾಸ್ಟೆಲುಗಳಿವೆ. ಮುಂದಕ್ಕೆ ಕಾರೋ ರೈಲೋ ಎಂಬುದು ತಲೆಯೆಣಿಕೆಯ ಮೇಲೆ: ಮೂರು ನಾಲ್ಕು ಜನರಿದ್ದರೆ ಬಾಡಿಗೆ ಕಾರು, ಒಬ್ಬರು ಇಬ್ಬರಿದ್ದರೆ ರೈಲು. ಆಂಕರೇಜ್‌ನಲ್ಲಿ ಪಡೆದ ಕಾರನ್ನು ಫೇರ್‌ಬ್ಯಾಂಕ್ಸ್‌ನಲ್ಲಿ ಬಿಟ್ಟರೆ ಪ್ರತ್ಯೇಕ ದಂಡವಿರುವುದರಿಂದ ಕಾರಿನವರು ಆಂಕರೇಜ್‌ಗೇ ಮರಳಿ ವಿಮಾನ ಹತ್ತುವುದು ಮೇಲು. ರೈಲು ಬೆಳಿಗ್ಗೆ ಹೊರಟು 573 ಕಿಲೋಮೀಟರ್ ದೂರದ ಫೇರ್‌ಬ್ಯಾಂಕ್ಸ್‌ಗೆ ರಾತ್ರಿ ಎಂಟರ ಸುಮಾರಿಗೆ ಸೇರುತ್ತದೆ. 1923ರ ಜುಲೈ 15ರಂದು ನೆನಾನಾದಲ್ಲಿ ಅಧ್ಯಕ್ಷ ಹಾರ್ಡಿಂಗ್ ಚಿನ್ನದ ಮೊಳೆ ಹೊಡೆದು ಈ ಮಾರ್ಗವನ್ನು ಪೂರ್ಣಗೊಳಿಸಿದರು. ಹರಿಕೇನ್ ಕಮರಿಯ ಸೇತುವೆ 90 ಮೀಟರ್ ಎತ್ತರ. ಅದರ ಮೇಲೆ ರೈಲು ನಿಧಾನಿಸುತ್ತದೆ, ಫೋಟೋ ತೆಗೆಯುವವರೆಲ್ಲ ಒಂದೇ ಬದಿಗೆ ನುಗ್ಗುತ್ತಾರೆ.

ಡೆನಾಲಿ ಉದ್ಯಾನದ ಬಾಗಿಲಲ್ಲಿ ರೈಲು ನಿಲ್ಲುತ್ತದೆ. ಬಾಗಿಲ ಬಳಿಯ ಹೋಟೆಲುಗಳು ದುಬಾರಿ. ಡೇರೆ ಇರುವವರಿಗೆ ರೈಲಿಳಿದು ನಡೆದುಹೋಗುವಷ್ಟು ದೂರದಲ್ಲಿ ರೈಲಿ ಕ್ರೀಕ್ ಶಿಬಿರ, ಕಾರಿರುವವರಿಗೆ ಉತ್ತರದ ಹೀಲಿ ಊರು. 92 ಮೈಲಿಯ ಉದ್ಯಾನ ರಸ್ತೆಯಲ್ಲಿ ಸ್ವಂತ ವಾಹನಕ್ಕೆ ಮೊದಲ 15 ಮೈಲಿ ಮಾತ್ರ, ಆಮೇಲೆ ಬಸ್ಸೇ. ವಿವರಣೆ ಸಮೇತದ ಪ್ರವಾಸದ ಬಸ್ಸಿಗಿಂತ ‘ಟ್ರಾನ್ಸಿಟ್’ ಬಸ್ಸು ಅಗ್ಗ; ಬೇಕಾದಲ್ಲಿ ಇಳಿದು, ನಡೆದು, ಜಾಗವಿದ್ದರೆ ಮುಂದಿನ ಬಸ್ಸು ಹತ್ತಬಹುದು. ಕರಡಿ ಕಂಡರೆ ಇದರ ಚಾಲಕರೂ ನಿಲ್ಲಿಸುತ್ತಾರೆ. ಒಳಗೆ ಅಂಗಡಿಯಿಲ್ಲ, ಬುತ್ತಿ ಕಟ್ಟಿಕೊಂಡೇ ಹೋಗಬೇಕು. 2021ರ ಆಗಸ್ಟಿನಲ್ಲಿ ಪ್ರೆಟಿ ರಾಕ್ಸ್ ಎಂಬಲ್ಲಿ ಗುಡ್ಡ ಕುಸಿದು 43ನೇ ಮೈಲಿಯಾಚೆಗೆ ರಸ್ತೆ ಮುಚ್ಚಿತು. ಬಸ್ಸು ಎಲ್ಲಿಯವರೆಗೆ ಓಡುತ್ತಿದೆಯೆಂದು ವಿಚಾರಿಸಿಯೇ ಟಿಕೆಟ್ ಕೊಳ್ಳಬೇಕು. 6,190 ಮೀಟರಿನ ಪರ್ವತ ಕಾಣುವ ಭಾಗ್ಯ ಮೂವರಲ್ಲಿ ಒಬ್ಬರಿಗೆ ಎಂದು ಅಲ್ಲಿಯವರ ಲೆಕ್ಕ. ಎರಡು ರಾತ್ರಿಯಾದರೂ ಉಳಿಯಬೇಕೆನ್ನುವುದು ಅದಕ್ಕೇ.

ಫೇರ್‌ಬ್ಯಾಂಕ್ಸ್ ಅಲ್ಲಿಂದ ನಾಲ್ಕು ಗಂಟೆ. ವಿಶ್ವವಿದ್ಯಾಲಯದ ಉತ್ತರ ವಸ್ತುಸಂಗ್ರಹಾಲಯದಲ್ಲಿ ಅರ್ಧ ದಿನ ಧಾರಾಳವಾಗಿ ಕಳೆಯಬಹುದು. ಊರು ಅದಕ್ಕಿಂತ ಹೆಚ್ಚು ಸಮಯ ಕೇಳುವುದಿಲ್ಲ. ವಾಪಸು ವಿಮಾನವನ್ನು ಪ್ರತ್ಯೇಕವಾಗಿ ಕೊಳ್ಳದೆ, ವ್ಯಾಂಕೂವರ್‌ಗೆ ಹೋಗುವುದು, ಫೇರ್‌ಬ್ಯಾಂಕ್ಸ್‌ನಿಂದ ಬರುವುದು ಎಂದು ಒಂದೇ ಟಿಕೆಟ್ಟಿನಲ್ಲಿ ಕೇಳಿದರೆ ಎರಡು ಏಕಮುಖ ಟಿಕೆಟ್ಟುಗಳಿಗಿಂತ ಸಾಮಾನ್ಯವಾಗಿ ಕಡಿಮೆಗೆ ಸಿಗುತ್ತದೆ. ಬೆಂಗಳೂರಿನಿಂದ ಹೊರಡುವವರಿಗೆ ಈ ಉಳಿತಾಯ ವೈಟ್ ಪಾಸ್ ರೈಲಿನ ಟಿಕೆಟ್ಟಿಗಿಂತ ದೊಡ್ಡದಾಗುವುದೂ ಉಂಟು.